ಎಣ್ಣೆಯ ಹನಿಗಳು ಕೂಡುವ ಬಗೆ

ಎಣ್ಣೆಗೂ ನೀರಿಗೂ ಸೇರದೆಂಬುದು ಎಲ್ಲರೂ ಬಲ್ಲ ಮಾತು. ಆದರೂ ನೆಲದಾಳದಿಂದ ನೀರಿನೊಡನೆ ಮೇಲೆ ಬರುವ ಕಚ್ಚಾ ಎಣ್ಣೆಯನ್ನು ಪೂರ್ಣವಾಗಿ ಬೇರ್ಪಡಿಸುವುದು ಸುಲಭವಲ್ಲ. ಕವಾಟಗಳಲ್ಲಿ ನುಗ್ಗುವಾಗ ಅದರ ಒಂದಂಶವು ನುಚ್ಚುನೂರಾಗಿ, ಅತಿಸೂಕ್ಷ್ಮ ಹನಿಗಳಾಗಿ ನೀರಿನಲ್ಲಿ ಹರಡಿಬಿಡುತ್ತದೆ. ಈ ನೀರನ್ನು ಹಾಗೆಯೇ ಕಡಲಿಗೆ ಬಿಡುವಂತಿಲ್ಲ. ಯೂರೋಪಿನ ಉತ್ತರ ಸಮುದ್ರದಲ್ಲಿ ಲೀಟರಿಗೆ ಸರಾಸರಿ 30 ಮಿಲಿಗ್ರಾಂ ಎಣ್ಣೆಯೇ ಮಿತಿ.

ಹನಿ ಚಿಕ್ಕದಾದಷ್ಟೂ ಅದರ ಏರಿಕೆ ನಿಧಾನ. 1851ರಲ್ಲಿ ಸ್ಟೋಕ್ಸ್ ಕಂಡುಕೊಂಡ ನಿಯಮದಂತೆ, ಈ ವೇಗವು ತ್ರಿಜ್ಯದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟು ವ್ಯಾಸವುಳ್ಳ ಹನಿಯು, ಎಣ್ಣೆಯ ಸಾಂದ್ರತೆ ನೀರಿಗಿಂತ ಶೇಕಡ 15ರಷ್ಟು ಕಡಿಮೆಯಿದ್ದರೆ, ಗಂಟೆಗೆ ಸುಮಾರು 3 ಸೆಂಟಿಮೀಟರ್ ಮಾತ್ರ ಏರುತ್ತದೆ. ಅಂತಹ 1000 ಹನಿಗಳು ಒಂದಾದರೆ ತ್ರಿಜ್ಯವು 10 ಮಡಿ, ವೇಗವು 100 ಮಡಿ. ಎಂದರೆ ಗಂಟೆಗೆ 3 ಮೀಟರ್!

ಹಾಗಾದರೆ ಹನಿಗಳು ತಾವಾಗಿ ಏಕೆ ಕೂಡಬಾರದು? ಕೂಡಿದಾಗ ಒಟ್ಟು ಮೇಲ್ಮೈಯೂ ಅದರೊಡನೆ ಮೇಲ್ಮೈಶಕ್ತಿಯೂ ತಗ್ಗುವುದರಿಂದ ಪ್ರಕೃತಿಯ ಒಲವೂ ಅತ್ತಲೇ. ಆದರೆ ಕೂಡುವ ಮುನ್ನ ಹನಿಗಳ ನಡುವಣ ತೆಳುವಾದ ನೀರಿನ ಪೊರೆಯು ಬಸಿದುಹೋಗಿ ಒಡೆಯಬೇಕು. ಕಚ್ಚಾ ಎಣ್ಣೆಯಲ್ಲಿರುವ ಆಸ್ಫಾಲ್ಟೀನ್ ಎಂಬ ಭಾರವಾದ ಪದಾರ್ಥವು ಹನಿಯ ಮೇಲ್ಮೈಯಲ್ಲಿ ನೆರೆದು, ಚರ್ಮದಂತೆ ಬಿಗಿದುಕೊಂಡು, ಇದಕ್ಕೆ ಅಡ್ಡಿಯಾಗುತ್ತದೆ. ಅಭ್ಯಂಜನದ ದಿನ ಸೀಗೆಪುಡಿಯು ಮೈಯ ಎಣ್ಣೆಯನ್ನು ಹನಿಹನಿಯಾಗಿ ಬಿಡಿಸಿ, ಮತ್ತೆ ಕೂಡಗೊಡದೆ ನೀರಿನೊಡನೆ ಸಾಗಿಸುವುದೂ ಇಂತಹದೇ ಕೆಲಸ. ಬಚ್ಚಲಿನಲ್ಲಿ ಬೇಕಾದುದು ಇಲ್ಲಿ ಬೇಡ, ಅಷ್ಟೆ.

ಆದುದರಿಂದ ಈ ನೀರನ್ನು ವಾಲಿಸಿ ಜೋಡಿಸಿದ ತಗಡುಗಳ ನಡುವೆ ಮೆಲ್ಲಗೆ ಹಾಯಿಸುತ್ತಾರೆ. ಕೆಲವೇ ಸೆಂಟಿಮೀಟರ್ ಏರಿದೊಡನೆ ಹನಿಗಳು ಮೇಲಿನ ತಗಡಿನ ಅಡಿಮೈಗೆ ತಾಗಿ, ಅಲ್ಲಿ ಒತ್ತೊತ್ತಾಗಿ ನೆರೆದು, ಒಂದಾಗಿ, ಇಳಿಜಾರಿನಗುಂಟ ಮೇಲಕ್ಕೆ ಸರಿದುಹೋಗುತ್ತವೆ.