ಮದುವೆಯ ಮನೆಯಲ್ಲಿ ಮೊದಲು ತೆಗೆದಿಡುವ ಪಾಲು

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದು ಹಿರಿಯರು ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಿದರು. ಸಾಲದ ದೃಷ್ಟಿಯಿಂದ ನೋಡಿದರೆ ಇವೆರಡೂ ಸಮಾನವಲ್ಲ. ಮನೆಗಾಗಿ ಮಾಡಿದ ಸಾಲ ತೀರುವವರೆಗೆ ತಲೆಯ ಮೇಲೊಂದು ಸೂರಾದರೂ ಇರುತ್ತದೆ. ಮದುವೆಯ ಸಾಲಕ್ಕೆ ಎದುರಾಗಿ ಉಳಿಯುವುದು ಭಾವಚಿತ್ರಗಳ ಒಂದು ದಪ್ಪ ಪುಸ್ತಕ ಮತ್ತು ಅಟ್ಟದ ಮೇಲೆ ಸೇರುವ ಒಂದೇ ಬಗೆಯ ಆರೇಳು ಗೋಡೆ ಗಡಿಯಾರಗಳು. ನಿವೃತ್ತಿಗೆ ಎರಡೋ ಮೂರೋ ವರ್ಷ ಉಳಿದಿರುವ ಗುಮಾಸ್ತರು, ಉಪಾಧ್ಯಾಯರು ಪ್ರಾವಿಡೆಂಟ್ ಫಂಡಿನಿಂದ ತೆಗೆದ ಹಣವನ್ನು ಛತ್ರದ ಬಾಡಿಗೆಗೂ ಆರತಕ್ಷತೆಯ ಹೂವಿನ ಅಲಂಕಾರಕ್ಕೂ ಸುರಿದು, ಮಾರನೆಯ ಬೆಳಗ್ಗೆ ಛತ್ರದ ಬಾಗಿಲಲ್ಲಿ ನಿಂತು ಪಾತ್ರೆಗಳ ಲೆಕ್ಕ ಒಪ್ಪಿಸುವುದು ನಮ್ಮ ನಗರಗಳಲ್ಲಿ ಅಪರೂಪದ ದೃಶ್ಯವಲ್ಲ. ಗಂಡಹೆಂಡಿರಿಬ್ಬರ ಮುಪ್ಪಿನ ಔಷಧಿಗೆಂದು ಕೂಡಿಟ್ಟಿದ್ದ ಹಣ ಅದು.

ಹೀಗೆ ಸುರಿಯುವವರು ಸ್ವಭಾವತಃ ದುಂದುಗಾರರೇ? ಖಂಡಿತ ಅಲ್ಲ. ತಿಂಗಳ ಕಡೆಯ ವಾರದಲ್ಲಿ ಕಾಫಿಪುಡಿಯನ್ನು ಚಮಚದಲ್ಲಿ ಅಳೆದು ಹಾಕುವ ಸಂಸಾರಗಳೇ ಇವು. ಅವರ ಕೈಯನ್ನು ಸಡಿಲಗೊಳಿಸುವುದು ಅಂಜಿಕೆ. ವರದಕ್ಷಿಣೆ ಕೊಡುವುದನ್ನೂ ತೆಗೆದುಕೊಳ್ಳುವುದನ್ನೂ ಅಪರಾಧವೆಂದು ಸಾರಿದ ಕಾನೂನು 1961ರಲ್ಲಿಯೇ ಬಂದಿದೆ. ಮರ್ಯಾದಸ್ಥ ಕುಟುಂಬಗಳಲ್ಲಿ ಆ ಮಾತನ್ನು ಬಾಯಿಬಿಟ್ಟು ಆಡುವವರು ಕಡಮೆ. ಅದರ ಬದಲು, ಮಾತುಕತೆಯ ದಿನ ಕಾಫಿಯ ಲೋಟವನ್ನು ಕೆಳಗಿಡುತ್ತಾ ವರನ ತಂದೆ ಅತ್ಯಂತ ಸೌಜನ್ಯದಿಂದ ಹೇಳುತ್ತಾರೆ: “ನಮಗೇನೂ ಬೇಡ, ರಾಯರೇ. ಮದುವೆಯೊಂದನ್ನು ಚೆನ್ನಾಗಿ ಮಾಡಿಕೊಟ್ಟರೆ ಸಾಕು.”

ಈ ‘ಚೆನ್ನಾಗಿ’ ಎಂಬ ಪದಕ್ಕೆ ಅಳತೆಯಿಲ್ಲ, ತೂಕವಿಲ್ಲ. ಕನ್ಯೆಯ ತಂದೆ ಆ ರಾತ್ರಿಯಿಂದಲೇ ಅದರ ಅರ್ಥವನ್ನು ಹುಡುಕತೊಡಗುತ್ತಾನೆ. ಎರಡು ಸಿಹಿ ಸಾಕೇ, ನಾಲ್ಕು ಬೇಕೇ? ವಾಲಗವೊಂದೇ ಸಾಕೇ, ಸಂಜೆಗೆ ಸಂಗೀತ ಕಛೇರಿಯೂ ಬೇಕೇ? ತಾಂಬೂಲದ ಚೀಲದಲ್ಲಿ ತೆಂಗಿನಕಾಯಿಯ ಜೊತೆಗೆ ಇನ್ನೇನಿರಬೇಕು? ಬೀಗರನ್ನು ಕೇಳಲು ಸಂಕೋಚ. ಕೇಳದೆ ಇರಲು ಭಯ. ಭಯದಲ್ಲಿ ಹಾಕಿದ ಲೆಕ್ಕ ಎಂದಿಗೂ ಹೆಚ್ಚಿನ ಕಡೆಗೇ ವಾಲುತ್ತದೆ.

ಆದ್ದರಿಂದ ಮಿತವ್ಯಯದ ಮಾತನ್ನು ಮೊದಲು ಎತ್ತಬೇಕಾದವರು ಗಂಡಿನ ಕಡೆಯವರು. ಅದೇ ಮಾತನ್ನು ಹೆಣ್ಣಿನ ತಂದೆ ಆಡಿದರೆ ಜಿಪುಣನೆನಿಸಿಕೊಳ್ಳುತ್ತಾನೆ; ಗಂಡಿನ ತಂದೆ ಆಡಿದರೆ ದೊಡ್ಡ ಮನುಷ್ಯರೆನಿಸಿಕೊಳ್ಳುತ್ತಾರೆ. ಇದು ಅನ್ಯಾಯವೇ ಸರಿ, ಆದರೆ ಈ ಅನ್ಯಾಯವನ್ನೇ ಒಳ್ಳೆಯ ಕೆಲಸಕ್ಕೆ ಬಳಸಿಕೊಳ್ಳಬಹುದಲ್ಲವೇ? ಆಡುವಾಗ ಮಾತ್ರ ‘ಸರಳವಾಗಿ ಮಾಡಿ’ ಎಂದು ಬಿಟ್ಟುಬಿಡಬಾರದು. ಅದೂ ‘ಚೆನ್ನಾಗಿ’ಯಷ್ಟೇ ಮಸುಕಾದ ಮಾತು. “ನಮ್ಮ ಕಡೆಯಿಂದ ಇನ್ನೂರೇ ಜನ ಬರುತ್ತೇವೆ, ಒಂದೇ ಹೊತ್ತಿನ ಊಟ, ಖರ್ಚು ಎರಡು ಮನೆಗೂ ಸಮಪಾಲು” ಎಂದು ಅಂಕಿಯಿಟ್ಟು ಹೇಳಬೇಕು. ಈಗ ವಧೂವರರಿಬ್ಬರೂ ದುಡಿಯುವವರು. ಛಾಯಾಚಿತ್ರಕ್ಕೆಂದು ಮದುವೆಗೆ ಮುಂಚೆಯೇ ಬೆಟ್ಟಗುಡ್ಡ ಸುತ್ತಿಬರುವ ಧೈರ್ಯವುಳ್ಳವರು ಹಿರಿಯರ ಮುಂದೆ ಇಷ್ಟು ಹೇಳಲಾರರೇ?

ಇನ್ನು ಊಟದ ವಿಚಾರ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರು ನಗರದ 75 ಕಲ್ಯಾಣಮಂಟಪಗಳಲ್ಲಿ ಸಮೀಕ್ಷೆ ನಡೆಸಿ, ಮದುವೆಗಳಲ್ಲಿ ವರ್ಷಕ್ಕೆ 943 ಟನ್ ಆಹಾರ ಹಾಳಾಗುತ್ತಿದೆಯೆಂದು 2012ರಲ್ಲಿ ಅಂದಾಜು ಮಾಡಿದರು. ಇಷ್ಟು ಅನ್ನವನ್ನು ಚೆಲ್ಲುವವರು ಯಾರು? ಅತಿಥಿಗಳನ್ನು ದೂರುವುದು ಸುಲಭ. ಆದರೆ ಪಂಕ್ತಿಯನ್ನೊಮ್ಮೆ ಗಮನಿಸಿ. ಅವಸರದ ಛತ್ರಗಳಲ್ಲಿ ಅತಿಥಿ ಬಂದು ಕುಳಿತುಕೊಳ್ಳುವ ಮುನ್ನವೇ ಎಲೆಯ ಮೇಲೆ ಉಪ್ಪು, ಉಪ್ಪಿನಕಾಯಿ, ಎರಡು ಕೋಸಂಬರಿ, ಎರಡು ಪಲ್ಯ, ಗೊಜ್ಜು, ಸಿಹಿ ಎಲ್ಲವೂ ಬಿದ್ದಿರುತ್ತವೆ. ಮಧುಮೇಹಿಯ ಎಲೆಗೂ ಹೋಳಿಗೆ, ಐದು ವರ್ಷದ ಮಗುವಿನ ಎಲೆಗೂ ದೊಡ್ಡವರಷ್ಟೇ ಪಲ್ಯ. ಬೇಡವೆನ್ನಲು ಅಲ್ಲಿ ಬಾಯಿಯೇ ಇಲ್ಲ! ಮೂರನೆಯ ಪಂಕ್ತಿಯವರು ಬೆನ್ನ ಹಿಂದೆ ಕುರ್ಚಿ ಹಿಡಿದು ನಿಂತಿರುವಾಗ ನಿಧಾನವಾಗಿ ಉಂಡು ಮುಗಿಸುವವರು ಎಷ್ಟು ಮಂದಿ? ಅತಿಥಿ ಕುಳಿತ ಮೇಲೆಯೇ ಕೇಳಿ ಬಡಿಸಿರೆಂದು ಅಡುಗೆಯವರಿಗೆ ಮೊದಲೇ ಕಟ್ಟುಮಾಡಿದರೆ ಪಂಕ್ತಿಗೆ ಹತ್ತು ನಿಮಿಷ ಹೆಚ್ಚು ಹಿಡಿಯಬಹುದು. ಹಿಡಿಯಲಿ. ಅನ್ನವನ್ನು ಒಮ್ಮೆಗೇ ಬೇಯಿಸಿ ರಾಶಿ ಹಾಕದೆ ಪಂಕ್ತಿಪಂಕ್ತಿಗೂ ಬೇಯಿಸುವಂತೆ ಹೇಳಬೇಕು. ಬೇಯಿಸದೆ ಉಳಿದ ಅಕ್ಕಿ ಎಲ್ಲಿಗೂ ಓಡಿಹೋಗುವುದಿಲ್ಲ. ಬಗೆಗಳ ಸಂಖ್ಯೆಯನ್ನು ಕಡಮೆ ಮಾಡಿದರಂತೂ ಇನ್ನೂ ಲೇಸು. ಮದುವೆಯ ಊಟವೆಂದರೆ ಒಂದು ಒಳ್ಳೆಯ ಸಾರು, ಒಂದು ಹುಳಿ, ಒಂದು ಸಿಹಿ ನೆನಪಿನಲ್ಲಿ ಉಳಿಯುತ್ತದೆ. ಹದಿನೆಂಟು ಬಗೆಯಲ್ಲಿ ಹನ್ನೆರಡನೆಯದು ಯಾವುದೆಂದು ಛತ್ರದ ಮೆಟ್ಟಿಲಿಳಿಯುವಷ್ಟರಲ್ಲಿ ಯಾರಿಗೂ ನೆನಪಿರುವುದಿಲ್ಲ.

ಸರ್ಕಾರದ ಆಜ್ಞೆಯಿಂದ ಇದೆಲ್ಲ ಸರಿಹೋಗುವುದೆಂದು ನಂಬುವವರಿದ್ದಾರೆ. 1960ರ ದಶಕದ ಆಹಾರದ ಅಭಾವದಲ್ಲಿ ಅತಿಥಿ ನಿಯಂತ್ರಣದ ಆಜ್ಞೆಗಳು ಬಂದವು, ಕೊರತೆ ತೀರಿದೊಡನೆ ಹಳೆಯ ಧಾರಾಳ ಮರಳಿತು. 2020ರ ಸಾಂಕ್ರಾಮಿಕದ ಕಾಲದಲ್ಲಿ ಐವತ್ತೇ ಜನರ ಮಿತಿ ಬಂದಾಗ ಅಂಗಳದಲ್ಲಿ, ಮಹಡಿಯ ಮೇಲೆ, ದೇವರ ಕೋಣೆಯ ಮುಂದೆ ಎಷ್ಟೋ ಮದುವೆಗಳಾದವು. ಆ ದಂಪತಿಗಳು ಇಂದು ಉಳಿದವರಂತೆಯೇ ಸಂಸಾರ ಮಾಡುತ್ತಿದ್ದಾರೆ. ಆದರೂ ನಿರ್ಬಂಧ ಸಡಿಲವಾದೊಡನೆ ಛತ್ರಗಳು ಮತ್ತೆ ತುಂಬಿದವು. ಹೊರಗಿನಿಂದ ಹೇರಿದ ಮಿತಿ ಮನಸ್ಸಿಗೆ ಇಳಿಯಲಿಲ್ಲ.

ತಾವಾಗಿಯೇ ಮಿತಿ ಹಾಕಿಕೊಂಡವರೂ ನಮ್ಮ ನಾಡಿನಲ್ಲಿದ್ದಾರೆ. ಕುವೆಂಪು ಅವರು ‘ಮಂತ್ರ ಮಾಂಗಲ್ಯ’ವನ್ನು ರೂಪಿಸಿ ಕೇವಲ ಪರರಿಗೆ ಉಪದೇಶಿಸಲಿಲ್ಲ, 1966ರಲ್ಲಿ ಅವರ ಪುತ್ರ ಪೂರ್ಣಚಂದ್ರ ತೇಜಸ್ವಿಯವರ ವಿವಾಹ ಆ ಪದ್ಧತಿಯಲ್ಲಿಯೇ ನಡೆಯಿತು. ವರದಕ್ಷಿಣೆಗೂ ಆಡಂಬರಕ್ಕೂ ಅಲ್ಲಿ ಎಡೆಯಿಲ್ಲ. ಆಪ್ತರ ಸಮ್ಮುಖದಲ್ಲಿ ವಧೂವರರು ಅರ್ಥವರಿತು ಪ್ರಮಾಣವಚನ ಸ್ವೀಕರಿಸುತ್ತಾರೆ. ಧರ್ಮಸ್ಥಳದಲ್ಲಿ ಶ್ರೀ ವೀರೇಂದ್ರ ಹೆಗ್ಗಡೆಯವರು 1972ರಲ್ಲಿ ಆರಂಭಿಸಿದ ಉಚಿತ ಸಾಮೂಹಿಕ ವಿವಾಹಗಳಲ್ಲಿ ಹನ್ನೆರಡು ಸಾವಿರಕ್ಕೂ ಹೆಚ್ಚು ಜೋಡಿಗಳು ಸತಿಪತಿಗಳಾಗಿದ್ದಾರೆ. ‘ಅದು ಬಡವರಿಗೆ’ ಎಂದು ಮಧ್ಯಮ ವರ್ಗದವರು ಮೂಗು ಮುರಿಯುವುದುಂಟು. ಸಾಲ ಮಾಡಿ ಬಡವರಾಗುವ ದಾರಿ ಮಾತ್ರ ಅವರಿಗೆ ಅವಮಾನವೆಂದು ತೋರುವುದಿಲ್ಲ!

ಶಾಸ್ತ್ರೋಕ್ತವಾಗಿಯೇ ನಡೆಯಬೇಕೆನ್ನುವ ಮನೆತನಗಳೂ ಅಂಜಬೇಕಾಗಿಲ್ಲ. ಧಾರೆಗೆ ಬೇಕಾದುದು ಒಂದು ಚೆಂಬು ನೀರು, ಒಂದು ತೆಂಗಿನಕಾಯಿ. ಹೋಮಕ್ಕೆ ಸಮಿತ್ತು, ತುಪ್ಪ, ಅರಳು. ಸಪ್ತಪದಿಗೆ ಏಳು ಹೆಜ್ಜೆ. ಶಾಸ್ತ್ರ ಬಲು ಅಗ್ಗ. ದುಬಾರಿಯಾಗಿರುವುದು ಅದರ ಸುತ್ತ ಕಟ್ಟಿದ ಮಂಟಪ.

ಉಳಿಸಿದ ಹಣವನ್ನೇನು ಮಾಡುವುದು? ಇಲ್ಲಿ ಒಂದು ಭ್ರಮೆಯನ್ನು ಬಿಡಬೇಕು. ರಾತ್ರಿ ಹತ್ತೂವರೆಗೆ ಮಿಕ್ಕಿದ ಪಲಾವನ್ನು ಅನಾಥಾಶ್ರಮಕ್ಕೆ ಸಾಗಿಸಿ, ‘ದಾನ ಮಾಡಿದೆವು’ ಎಂದು ತೃಪ್ತಿಪಡುವವರಿದ್ದಾರೆ. ಹಾಳಾಗುವುದಕ್ಕಿಂತ ಅದು ಮೇಲು, ನಿಜ. ಆದರೆ ಆ ಹೊತ್ತಿಗೆ ಮಕ್ಕಳು ಉಂಡು ಮಲಗಿರುತ್ತಾರೆ. ಬಿಸಿಯಾಗಿಟ್ಟಿರದ ಅಡುಗೆ ಎರಡು ಗಂಟೆ ಮೀರಿದರೆ ಹೊಟ್ಟೆಗೆ ಕೇಡು. ಕೋಸಂಬರಿ, ಮೊಸರನ್ನ, ಹಾಲಿನ ಪಾಯಸಗಳು ಅಷ್ಟೂ ತಾಳುವುದಿಲ್ಲ. ಕೊಡುವುದಾದರೆ ಎಲೆಗೆ ಬಡಿಸದೆ ಪಾತ್ರೆಯಲ್ಲಿಯೇ ಇರುವುದನ್ನು, ಮಧ್ಯಾಹ್ನದ ಕಡೆಯ ಪಂಕ್ತಿ ಏಳುವ ಮೊದಲೇ, ಹಿಂದಿನ ದಿನವೇ ಗೊತ್ತುಮಾಡಿಕೊಂಡ ಸ್ವಯಂಸೇವಕರ ಕೈಗೆ ಒಪ್ಪಿಸಬೇಕು. ಲಾಡು, ಮೈಸೂರು ಪಾಕು, ಹೆಚ್ಚದ ತರಕಾರಿ, ಬೇಳೆ, ಅಕ್ಕಿಗಳಾದರೆ ಮಾರನೆಯ ದಿನವೂ ಸಲ್ಲುತ್ತವೆ.

ದಾನದ ನಿಜವಾದ ಪಾಲು ಮೊದಲೇ ತೆಗೆದಿಟ್ಟದ್ದು. ನಮ್ಮ ಅಜ್ಜಂದಿರಲ್ಲಿ ಅನೇಕರು ವಾರಾನ್ನ ಉಂಡು ಓದಿದವರು: ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಅನ್ನವಿಕ್ಕಿದ ಆ ಗೃಹಿಣಿಯರು ಉಳಿದರೆ ಹಾಕೋಣವೆಂದು ಕಾದವರಲ್ಲ. ಹುಡುಗನ ಪಾಲಿನ ಅಕ್ಕಿಯನ್ನು ಬೆಳಗ್ಗೆಯೇ ಅಳೆದು ಪಾತ್ರೆಗೆ ಸುರಿಯುತ್ತಿದ್ದರು. ಆ ಲೆಕ್ಕವನ್ನು ಮದುವೆಗೂ ಹಚ್ಚಬಹುದು. ಸಾವಿರ ಜನರ ಬದಲು ನಾನೂರು ಜನರನ್ನು ಕರೆದಿರಿ, ಎಲೆಗೆ 400 ರೂಪಾಯಿ ಎಂದಿಟ್ಟುಕೊಳ್ಳಿ. ಒಂದೇ ಹೊತ್ತಿನ ಊಟದಲ್ಲಿ ಉಳಿಯುವುದು 2,40,000 ರೂಪಾಯಿ. ತಿಂಗಳಿಗೆ 5,000ದಂತೆ ಒಬ್ಬ ಬಡ ವಿದ್ಯಾರ್ಥಿನಿಗೆ ಸರಿಯಾಗಿ ನಾಲ್ಕು ವರ್ಷ ಸಾಗುವ ಹಣ ಇದು! ಇಷ್ಟೆಲ್ಲವನ್ನೂ ಕೊಡಲಾಗದಿದ್ದರೆ ಅರ್ಧ ಕೊಡಿ, ಉಳಿದರ್ಧ ಸಾಲವನ್ನು ತಗ್ಗಿಸಲಿ. ತುಮಕೂರಿನ ಸಿದ್ಧಗಂಗಾ ಮಠದಂತೆ ಸಾವಿರಾರು ಮಕ್ಕಳಿಗೆ ಅನ್ನವಿತ್ತು ಓದಿಸುವ ಕಡೆ ಒಂದು ಹೊತ್ತಿನ ದಾಸೋಹಕ್ಕೆ ಕಾಣಿಕೆ ಸಲ್ಲಿಸಬಹುದು. ವಧು ಅಕ್ಷರ ಕಲಿತ ಸರ್ಕಾರಿ ಶಾಲೆಗೆ ಒಂದು ಕಪಾಟು ಪುಸ್ತಕ ಕೊಡಿಸಬಹುದು.

ಯಾವುದೇ ಆಗಲಿ, ಹಣ ಮೊದಲೇ ಹೊರಡಬೇಕು. ಲಗ್ನಪತ್ರಿಕೆ ಬರೆಸಿದ ದಿನ, ಜವಳಿಯಂಗಡಿಗೂ ಚಿನಿವಾರರ ಅಂಗಡಿಗೂ ಕಾಲಿಡುವ ಮುನ್ನ, ಎರಡೂ ಮನೆಯವರು ಕೂಡಿ ಅದನ್ನು ಕಳುಹಿಸಿ ರಸೀತಿ ಪಡೆಯಲಿ. ಮದುವೆ ಮುಗಿದ ಮೇಲೆ ಕಳುಹಿಸೋಣವೆಂದರೆ, ಮುಗಿಯುವ ಹೊತ್ತಿಗೆ ದೀಪದವನ ಬಾಕಿ ಬಾಗಿಲಲ್ಲಿ ನಿಂತಿರುತ್ತದೆ. ಇನ್ನು ‘ಉಡುಗೊರೆ ಬೇಡ’ ಎಂದು ಕರೆಯೋಲೆಯಲ್ಲಿ ಅಚ್ಚುಹಾಕಿಸಿದರೂ ಮುಯ್ಯಿ ಮಾಡದೆ ಹೋಗಲು ನಮ್ಮ ಸೋದರತ್ತೆಯರಿಗೆ ಮನಸ್ಸೊಪ್ಪುವುದಿಲ್ಲ. ಅಂಥವರಿಗಾಗಿ, ಯಾವ ವಿದ್ಯಾರ್ಥಿನಿಲಯಕ್ಕೆ ಸಲ್ಲುವುದೆಂದು ಹೆಸರು ಬರೆದ ಒಂದು ಹುಂಡಿಯನ್ನು ಮಂಟಪದ ಪಕ್ಕದಲ್ಲಿ ಇಡಿಸಬಹುದು. ಅದರ ಬೀಗದ ಕೈ ಮಾತ್ರ ಎರಡೂ ಮನೆಯವರಲ್ಲದ ಮೂರನೆಯವರೊಬ್ಬರ ಬಳಿ ಇರಲಿ.