ಲಕ್ಷಣ, ಲಕ್ಷ್ಯ ಮತ್ತು ದೋಷಪರಿಹಾರ: ಆಸ್ಪೆಕ್ಟ್‌ಜೆ ಉಪಕರಣದ ತಿದ್ದುಪಡಿಗಳ ಸ್ವರೂಪ

ಹಳಗನ್ನಡದ ಪದಾದಿಯ ಪಕಾರವು ಹೊಸಗನ್ನಡದಲ್ಲಿ ಹಕಾರವಾಗುವುದೆಂಬುದು ವಿದ್ವಾಂಸರಿಗೆ ಸುಪರಿಚಿತವಾದ ವಿಷಯ. ಪಾಲ್ ಎಂಬುದು ಹಾಲಾಯಿತು. ಪೂ ಎಂಬುದು ಹೂವಾಯಿತು. ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನಲ್ಲಿ, ಕದಂಬರ ತಾಮ್ರಶಾಸನಗಳು ಪಲಾಶಿಕಾ ಎಂದು ಕರೆದ ಊರು ಪಲಸಿಗೆ, ಹಲಸಿಗೆ ಎಂಬ ರೂಪಗಳನ್ನು ದಾಟಿ ಇಂದು ಹಲಸಿಯಾಗಿದೆ. ಆದರೆ ಅದೇ ತಾಲ್ಲೂಕಿನ ಹೆಸರಿನಲ್ಲಿರುವ ಪುರ ಶಬ್ದವು ಹುರವಾಗಲಿಲ್ಲ, ಅಪ್ಪನು ಅಹ್ಹನಾಗಲಿಲ್ಲ. ನಿಯಮವು ಒಂದೇ, ಅದು ಎಲ್ಲಿ ಪ್ರವರ್ತಿಸಬೇಕು, ಎಲ್ಲಿ ಪ್ರವರ್ತಿಸಬಾರದು ಎಂಬ ನಿರ್ಣಯವೇ ಅದರ ಜೀವಾಳ. ಗಣಕಶಾಸ್ತ್ರದಲ್ಲಿಯೂ ಇಂಥದೇ ನಿರ್ಣಯವನ್ನು ಆಧರಿಸಿದ ಒಂದು ಪದ್ಧತಿಯುಂಟು.

ದೊಡ್ಡ ಪ್ರೋಗ್ರಾಮಿನಲ್ಲಿ ಕೆಲವು ಕಾರ್ಯಗಳು ಒಂದೆಡೆ ನಿಲ್ಲದೆ ಎಲ್ಲೆಡೆಯೂ ಹರಡಿಕೊಂಡಿರುವುವು. ಬ್ಯಾಂಕಿನ ಲೆಕ್ಕದಲ್ಲಿ ಹಣ ಕಟ್ಟುವ, ತೆಗೆಯುವ, ವರ್ಗಾಯಿಸುವ ಭಾಗಗಳು ಬೇರೆಬೇರೆ. ಆದರೆ ವ್ಯವಹಾರವನ್ನು ದಾಖಲಿಸುವುದು, ಮಾಡುವವನ ಅಧಿಕಾರವನ್ನು ಪರೀಕ್ಷಿಸುವುದು ಎಲ್ಲಕ್ಕೂ ಸಮಾನ. ಇವನ್ನು ಪ್ರತಿ ಎಡೆಯಲ್ಲಿಯೂ ಬರೆಯದೆ ಒಂದೇ ಕಡೆ ಬರೆದಿಡುವ ಪದ್ಧತಿಯನ್ನು 1997ರಲ್ಲಿ ಝೆರಾಕ್ಸ್ ಸಂಸ್ಥೆಯ ಪಾಲೋ ಆಲ್ಟೋ ಸಂಶೋಧನಾಲಯದ ಗ್ರೆಗರ್ ಕಿಚಾಲೆಸ್ ಮತ್ತು ಅವರ ಸಹೋದ್ಯೋಗಿಗಳು ಪ್ರತಿಪಾದಿಸಿದರು. ಜಾವಾ ಭಾಷೆಗೆ ಅಲ್ಲಿ ರಚಿತವಾದ ಉಪಕರಣವೇ ಆಸ್ಪೆಕ್ಟ್‌ಜೆ. 2002ರ ಕೊನೆಯಲ್ಲಿ ಇದು ಎಕ್ಲಿಪ್ಸ್ ಯೋಜನೆಗೆ ಸೇರಿತು.

ಈ ಪದ್ಧತಿಯ ಪರಿಭಾಷೆ ಸ್ವಲ್ಪವೇ. ಕಾರ್ಯವು ಬಂದು ಸೇರಬಹುದಾದ ಸ್ಥಾನ ಜಾಯಿನ್ ಪಾಯಿಂಟ್. ಅಂಥ ಸ್ಥಾನಗಳನ್ನು ಆರಿಸುವ ಲಕ್ಷಣವಾಕ್ಯ ಪಾಯಿಂಟ್‌ಕಟ್. ಅಲ್ಲಿ ನಡೆಯಬೇಕಾದ ಕಾರ್ಯ ಅಡ್ವೈಸ್. ಇವನ್ನು ಮೂಲದೊಳಕ್ಕೆ ಹೆಣೆಯುವ ಕ್ರಿಯೆ ವೀವಿಂಗ್, ಎಂದರೆ ನೇಯ್ಗೆ.

ಪಾಯಿಂಟ್‌ಕಟ್ಟು ಒಂದು ಲಕ್ಷಣವಾದುದರಿಂದ, ತಾರ್ಕಿಕರು ಲಕ್ಷಣಕ್ಕೆ ಹೇಳಿದ ಮೂರು ದೋಷಗಳೂ ಇದಕ್ಕೆ ಸಲ್ಲುವುವು. ಬೇಡದ ಸ್ಥಾನವನ್ನೂ ಆವರಿಸಿದರೆ ಅತಿವ್ಯಾಪ್ತಿ. ಇದರ ಪ್ರಸಿದ್ಧ ನಿದರ್ಶನವೆಂದರೆ, ದಾಖಲಿಸುವ ಕಾರ್ಯವು ತನ್ನನ್ನೇ ದಾಖಲಿಸತೊಡಗಿ ಕೊನೆಗಾಣದೆ ಸುತ್ತುವುದು. ಬೇಕಾದ ಸ್ಥಾನವು ತಪ್ಪಿಹೋದರೆ ಅವ್ಯಾಪ್ತಿ. ಯಾವ ಸ್ಥಾನಕ್ಕೂ ಹೊಂದದಿದ್ದರೆ ಅಸಂಭವ. ಅಡ್ವೈಸು ಎಲ್ಲಿಯೂ ಅನ್ವಯಿಸಲಿಲ್ಲವೆಂದು ಆಸ್ಪೆಕ್ಟ್‌ಜೆ ಎಚ್ಚರಿಸುವುದು ಈ ಕಾರಣದಿಂದಲೇ. ಇವು ಲಕ್ಷಣವನ್ನು ಬರೆದವನ ದೋಷಗಳು.

ಲಕ್ಷಣವು ನಿರ್ದುಷ್ಟವಾಗಿದ್ದರೂ ಉಪಕರಣವೇ ಅದನ್ನು ತಪ್ಪಾಗಿ ಓದಬಹುದು. ಸರಿಯಾಗಿ ಓದಿಯೂ ತಪ್ಪಾಗಿ ನೇಯಬಹುದು. ದುರಸ್ತಿಯ ಆವೃತ್ತಿಗಳು ಪರಿಹರಿಸುವುದು ಇಂಥವನ್ನು. ನೇಯ್ಗೆ ಕೆಟ್ಟರೆ ಜಾವಾ ಯಂತ್ರವು ಆ ಭಾಗವನ್ನು ನಿರಾಕರಿಸುವುದುಂಟು. ಆಗ ದೋಷವು ತಾನಾಗಿಯೇ ಪ್ರಕಟವಾಗುವುದು. ಮೌನವಾದ ಅವ್ಯಾಪ್ತಿಯು ಇದಕ್ಕಿಂತ ಅಪಾಯಕಾರಿ: ಅಧಿಕಾರಪರೀಕ್ಷೆ ಒಂದು ಎಡೆಯಲ್ಲಿ ತಪ್ಪಿದರೂ ಪ್ರೋಗ್ರಾಮು ಸುಗಮವಾಗಿ ನಡೆಯುತ್ತಲೇ ಇರುವುದು. ಹೆಣೆದ ಕಾರ್ಯವು ಮೂಲಪಾಠದಲ್ಲಿ ಕಾಣುವುದಿಲ್ಲವಾದುದರಿಂದ, ಮೂಲವನ್ನು ಎಷ್ಟು ಸಲ ಓದಿದರೂ ಅದರ ಅಭಾವವು ಗೋಚರಿಸದು.

ದೋಷಕ್ಕೆ ಇನ್ನೊಂದು ಕಾರಣ ಕಾಲಗತಿ. ಜಾವಾ ಭಾಷೆಯು ಹೊಸ ರೂಪಗಳನ್ನು ಪಡೆದಂತೆ ಹಳೆಯ ನೇಕಾರನಿಗೆ ಅವು ಅಪರಿಚಿತವಾಗುವುವು. 2023ರ ಕೊನೆಯಲ್ಲಿ ಬಂದ 1.9.21 ಆವೃತ್ತಿ ಜಾವಾ 21ಕ್ಕೆ ಹೊಂದಿಕೊಂಡಿತು; 2024ರಲ್ಲಿ ಹೊರಟ 1.9.21.1 ಅದರ ದುರಸ್ತಿಯ ಆವೃತ್ತಿ. ನಾಲ್ಕನೆಯ ಅಂಕೆಯು ಹೊಸ ಗ್ರಂಥವನ್ನಲ್ಲ, ಅದೇ ಗ್ರಂಥದ ಶುದ್ಧಪಾಠವನ್ನು ಸೂಚಿಸುವುದು.

ಇಂಥ ತಿದ್ದುಪಡಿಯಲ್ಲಿ ಎಷ್ಟು ವಿವೇಕ ಬೇಕೆಂಬುದನ್ನು ಬೆಳಗಾವಿಯ ಹೆಸರೇ ತಿಳಿಸುವುದು. 2014ರ ನವೆಂಬರ್ 1ರಿಂದ ಕರ್ನಾಟಕದ ಹನ್ನೆರಡು ನಗರಗಳ ಅಧಿಕೃತ ಹೆಸರುಗಳು ಬದಲಾದಾಗ, ಇಂಗ್ಲಿಷಿನಲ್ಲಿ ಬೆಲ್‌ಗಾಮ್ ಎಂದಿದ್ದುದು ಬೆಳಗಾವಿಯಾಯಿತು. ಇದೂ ಎಲ್ಲೆಡೆ ಹರಡುವ ಕಾರ್ಯವೇ: ಮುದ್ರೆ, ಫಲಕ, ಪಹಣಿ, ಪ್ರಮಾಣಪತ್ರ ಎಲ್ಲಕ್ಕೂ ಅನ್ವಯಿಸುವುದು. ಆದರೆ ಒಂದೇ ಆಜ್ಞೆಯಿಂದ ಎಲ್ಲವನ್ನೂ ಬದಲಿಸಿದರೆ, 1884ರಲ್ಲಿ ಪ್ರಕಟವಾದ ಮುಂಬಯಿ ಪ್ರಾಂತದ ಗ್ಯಾಸೆಟಿಯರಿನ 21ನೆಯ ಸಂಪುಟದ ಹೆಸರೂ ಬದಲಾಗುವುದು. ಗ್ರಂಥವನ್ನು ಅರಸುವವನಿಗೆ ಅದು ದೊರೆಯದು. ಇದು ಅತಿವ್ಯಾಪ್ತಿ. ಒಂದೇ ಕಾಗುಣಿತವನ್ನು ನಂಬಿದರೆ ಬೆಳಗಾಂ, ಬೆಳಗಾವ ಎಂಬ ರೂಪಗಳು ಉಳಿದುಹೋಗುವುವು. ಇದು ಅವ್ಯಾಪ್ತಿ. ಕ್ರಿ. ಶ. 1204ರ ರಟ್ಟ ಶಾಸನಗಳಲ್ಲಿ ಈ ಊರು ವೇಣುಗ್ರಾಮ. ಅದನ್ನು ತಿದ್ದುವ ಅಧಿಕಾರ ಯಾವ ಆಜ್ಞೆಗೂ ಇಲ್ಲ.

ಶಾಸನಸಂಪಾದಕರು ಶಿಲೆಯ ಪಾಠವನ್ನು ಯಥಾವತ್ತಾಗಿ ಕೊಟ್ಟು, ಶುದ್ಧರೂಪವನ್ನು ಆವರಣದಲ್ಲಿಯೋ ಅಡಿಟಿಪ್ಪಣಿಯಲ್ಲಿಯೋ ತೋರಿಸುವರು. ಉಪಕರಣವನ್ನು ದುರಸ್ತಿ ಮಾಡುವವರ ಕ್ರಮವೂ ಇದಕ್ಕೆ ದೂರವಲ್ಲ. ದೋಷವನ್ನು ಪುನಃ ತೋರಿಸಬಲ್ಲ ಚಿಕ್ಕ ನಿದರ್ಶನವನ್ನು ಮೊದಲು ರಚಿಸಿ, ಅದನ್ನು ಸರಿಪಡಿಸಿ, ಹಿಂದಿನ ಎಲ್ಲ ಪರೀಕ್ಷೆಗಳನ್ನೂ ಮತ್ತೆ ನಡೆಸಿ, ಬದಲಾದುದನ್ನು ಪಟ್ಟಿಯಲ್ಲಿ ದಾಖಲಿಸುವರು. ಆ ನಿದರ್ಶನವು ಮುಂದಿನ ಆವೃತ್ತಿಗಳಿಗೂ ಕಾವಲಾಗಿ ನಿಲ್ಲುವುದು. ಒಂದೆಡೆಯ ತಿದ್ದುಪಡಿ ಸಾವಿರ ಎಡೆಗಳನ್ನು ಮುಟ್ಟುವಲ್ಲಿ, ಯಾವುದನ್ನು ಮುಟ್ಟಲಿಲ್ಲವೆಂಬುದಕ್ಕೂ ಪ್ರಮಾಣವಿರಬೇಕು.