ಧಾಟಿ ಹೋದರೆ ಪದ ಮೂಕ

ಭೀಮಾ ತೀರದ ಭಜನಿ ಮೇಳಗಳ ಪರಿಚಯ

ಕರಜಗಿ ಕಲಬುರಗಿ ಜಿಲ್ಲೆಯ ಅಫಜಲಪುರ ತಾಲ್ಲೂಕಿನ ಹೋಬಳಿ ಊರು. ಮಹಾರಾಷ್ಟ್ರದ ಗಡಿ ಇಲ್ಲಿಂದ ದೂರವಿಲ್ಲ. ಸುತ್ತಲೂ ತೊಗರಿ, ಜೋಳ, ಕಬ್ಬಿನ ಸೀಮೆ. ಇಲ್ಲಿಂದ ಆಳಂದದ ಕಡೆ ಹೋಗಿ, ಜೇವರ್ಗಿಯ ಕಡೆ ಹೋಗಿ, ಸಂಗೀತ ಕಲಿಸುವ ಶಾಲೆ ಹುಡುಕಿದರೆ ಸಿಗುವುದು ಕಷ್ಟ. ಭಜನಿ ಮೇಳವಿಲ್ಲದ ಊರು ಸಿಗುವುದು ಇನ್ನೂ ಕಷ್ಟ. ಹಗಲೆಲ್ಲ ಹೊಲದಲ್ಲಿ, ಕಿರಾಣಿ ಅಂಗಡಿಯಲ್ಲಿ, ಟ್ರ್ಯಾಕ್ಟರ್ ಮೇಲೆ ದುಡಿದವರೇ ರಾತ್ರಿ ಗುಡಿಯಲ್ಲಿ ಪೇಟಿ, ತಬಲಾ, ತಾಳ ಹಿಡಿದು ಕೂರುತ್ತಾರೆ. ಹಳಬರ ಮೇಳವಾದರೆ ಏಕತಾರಿ, ದಮ್ಮಡಿಯೂ ಇರುತ್ತವೆ. ಹಾಡುವುದು ಬಹುಪಾಲು ತತ್ವಪದ.

ಮೇಳ ಕೂಡಲು ನೆಪ ಬೇಕು. ಅಮವಾಸ್ಯೆ, ಶ್ರಾವಣ ಸೋಮವಾರ, ಮಠದ ಜಾತ್ರೆ, ಹೊಸ ಮನೆಯ ಒಕ್ಕಲು ಇವೆಲ್ಲ ಹರ್ಷದ ನೆಪಗಳು. ಎಲ್ಲಕ್ಕಿಂತ ದೊಡ್ಡ ನೆಪ ಸಾವು. ಊರಲ್ಲಿ ಯಾರಾದರೂ ತೀರಿಕೊಂಡರೆ ಮೇಳದವರಿಗೆ ಕರೆ ಹೋಗುತ್ತದೆ. ದೂರದ ಬಂಧುಗಳು ಬರುವವರೆಗೆ, ಮಣ್ಣಾಗುವವರೆಗೆ, ಹೆಣದ ಪಕ್ಕದಲ್ಲೇ ಕೂತು ಹಾಡುತ್ತಾರೆ. ದೇಹ ಬಾಡಿಗೆ ಮನೆ, ಬಂದವರೆಲ್ಲ ಹೋಗುವವರೇ ಎಂಬ ಮಾತನ್ನು ಆ ಹೊತ್ತಿನಲ್ಲಿ ಉಪದೇಶವಾಗಿ ಹೇಳಿದರೆ ಯಾರೂ ಸಹಿಸರು. ಪದವಾಗಿ ಹಾಡಿದರೆ ಮನೆಯವರೂ ಅಳುತ್ತಲೇ ಕೇಳುತ್ತಾರೆ.

ಎತ್ತಿಕೊಡುವವರು, ಹಿಂದ ಅನ್ನುವವರು

ತತ್ವಪದದ ಕಟ್ಟು ಸರಳ. ಮೊದಲು ಪಲ್ಲವಿ, ಆಮೇಲೆ ಮೂರೋ ನಾಲ್ಕೋ ನುಡಿ, ಕೊನೆಯ ನುಡಿಯಲ್ಲಿ ಕವಿಯ ಅಂಕಿತ. ಒಬ್ಬರು ಪಲ್ಲವಿ ಎತ್ತಿಕೊಡುತ್ತಾರೆ, ಉಳಿದವರು ಹಿಂದ ಅನ್ನುತ್ತಾರೆ. ಒಂದು ಪದ ಮುಗಿದಾಗ ಇನ್ನೊಬ್ಬರು ಎತ್ತಿಕೊಳ್ಳುತ್ತಾರೆ. ಮೊದಲು ಮುಂದೆ ಹಾಡಿದವರು ಈಗ ಹಿಂದಿನವರು. ನಡುವೆ ಅರ್ಥದ ಚರ್ಚೆಯೂ ಉಂಟು. ಪದದಲ್ಲಿ ಐದು ಬಂದರೆ ಪಂಚಭೂತ, ಆರು ಬಂದರೆ ದೇಹದೊಳಗಿನ ಚಕ್ರ, ಒಂಬತ್ತು ಬಂದರೆ ನವದ್ವಾರ. ಈ ಒಗಟು ಬಿಡಿಸಲು ಅಕ್ಷರ ಬಂದಿರಬೇಕೆಂದಿಲ್ಲ. ಶಾಲೆಯ ಮೆಟ್ಟಿಲು ಹತ್ತದ ಮುದುಕರು ಪದವೀಧರ ಹುಡುಗರಿಗೆ ಅರ್ಥ ಹೇಳುವ ಜಾಗ ಇದು.

ಐರ್ಲೆಂಡಿನ ಜನಪದ ಸಂಗೀತದ ಬಗ್ಗೆ ಓದಿದವರಿಗೆ ಈ ಕೂಟ ಗುರುತಿನದೇ ಅನ್ನಿಸೀತು. ಅಲ್ಲಿನ ‘ಸೆಷನ್’ನಲ್ಲಿ ಪಿಟೀಲು, ಕೊಳಲು, ಆಡಿನ ಚರ್ಮ ಬಿಗಿದ ಬೌರಾನ್ ಹಿಡಿದವರು ಪಬ್ಬಿನ ಮೂಲೆಯಲ್ಲಿ ಒಬ್ಬರಿಗೊಬ್ಬರು ಮುಖಮಾಡಿ ಕೂರುತ್ತಾರೆ. ಯಾರೋ ಒಬ್ಬರು ಧಾಟಿ ಶುರುಮಾಡಿದರೆ ಗೊತ್ತಿದ್ದವರು ಕೂಡಿಕೊಳ್ಳುತ್ತಾರೆ. ಸತ್ತವರ ಮನೆಯಲ್ಲಿ ಬೆಳತನಕ ಎಚ್ಚರವಿರುವ ರೂಢಿ, ಹೆಣದ ಮುಂದೆ ಹೆಂಗಸರು ಹಾಡಿಕೊಂಡು ಅಳುವ ‘ಕೀನಿಂಗ್’ ಅಲ್ಲಿಯೂ ಇದ್ದವು. ಚರ್ಚಿನ ವಿರೋಧಕ್ಕೆ ಗುರಿಯಾದ ಆ ಅಳುಹಾಡು 20ನೇ ಶತಮಾನದಲ್ಲಿ ಹೆಚ್ಚುಕಡಿಮೆ ನಿಂತೇಹೋಯಿತು. ನಮ್ಮ ಕಡೆಯ ಸಾವಿನ ಮನೆಯ ಭಜನಿಗೆ ಆ ಗತಿ ಬಂದಿಲ್ಲ.

ಕಡಕೋಳದ ಬಳ್ಳಿ

ಈ ಸೀಮೆಯ ತತ್ವಪದಕ್ಕೆ ಮೂಲಪುರುಷ ಕಡಕೋಳ ಮಡಿವಾಳಪ್ಪ. 18ನೇ ಶತಮಾನದ ಕೊನೆಯಿಂದ 19ನೇ ಶತಮಾನದ ಮೊದಲ ಭಾಗದವರೆಗೆ ಬಾಳಿದವರು. ಹುಟ್ಟಿದ್ದು ಅಫಜಲಪುರ ತಾಲ್ಲೂಕಿನ ಬಿದನೂರಿನಲ್ಲಿ. ನೆಲೆಸಿದ್ದು ಹಿಂದೆ ಜೇವರ್ಗಿ ತಾಲ್ಲೂಕಿನಲ್ಲಿದ್ದು ಈಗ ಯಡ್ರಾಮಿ ತಾಲ್ಲೂಕಿಗೆ ಸೇರಿರುವ ಕಡಕೋಳದಲ್ಲಿ. ಜಾತಿಯ ಬಿಗುಮಾನ, ಮಠದ ಆಡಂಬರ, ಬಾಯಲ್ಲಿ ಶಾಸ್ತ್ರ ಮನದಲ್ಲಿ ಆಸೆ ಇಟ್ಟುಕೊಂಡ ಗುರುಗಳು, ಯಾರನ್ನೂ ಅವರ ಪದ ಬಿಡಲಿಲ್ಲ.

ಅವರ ಶಿಷ್ಯರ ಸಾಲು ನೋಡಿದರೆ ಅವರು ಹಾಡಿದಂತೆಯೇ ನಡೆದರು ಎನ್ನಬೇಕು. ಚೆನ್ನೂರ ಜಲಾಲಸಾಹೇಬ ಮುಸಲ್ಮಾನರು, ಖೈನೂರ ಕೃಷ್ಣಪ್ಪ ದಲಿತರು. ತೆಲಗಬಾಳ ರೇವಪ್ಪ, ರಾಮಪುರದ ಬಕ್ಕಪ್ಪ ಅದೇ ಬಳ್ಳಿಯ ಹೆಸರುಗಳು. ಹೆಸರಿನ ಮುಂದೆಲ್ಲ ಊರು. ಇಂದಿಗೂ ಒಂದು ಮೇಳ ಇವರೆಲ್ಲರ ಪದಗಳನ್ನು ಒಂದೇ ರಾತ್ರಿ ಹಾಡುತ್ತದೆ. ಶಿಶುನಾಳ ಷರೀಫರ (1819–1889) ಪದಗಳು ಕ್ಯಾಸೆಟ್ಟು, ಸಿನಿಮಾ, ಸುಗಮ ಸಂಗೀತದ ದಾರಿಯಿಂದ ನಾಡಿಗೆಲ್ಲ ತಲುಪಿದವು. ಕಡಕೋಳದ ಬಳ್ಳಿ ಮೇಳಗಳನ್ನೇ ನಂಬಿ ಹಬ್ಬಿತು.

ಈ ಸೀಮೆಗೆ ಹಾಡು ಬೇರೆ ದಿಕ್ಕುಗಳಿಂದಲೂ ಬಂದಿದೆ. ಭೀಮಾ ನದಿ ಇಲ್ಲಿಗೆ ಬರುವ ಮೊದಲು ಪಂಢರಪುರವನ್ನು ದಾಟಿ ಬರುತ್ತದೆ. ಆಷಾಢದಲ್ಲಿ ತಾಳ ಬಾರಿಸುತ್ತ ಆ ಕಡೆ ನಡೆಯುವ ವಾರಕರಿಗಳ ಮರಾಠಿ ಅಭಂಗ ಗಡಿಯ ಹಳ್ಳಿಗಳಿಗೆ ಹೊಸದಲ್ಲ. ಮೊಹರಮ್ಮಿನಲ್ಲಿ ಕರ್ಬಲಾದ ಕಥೆಯನ್ನು ಕನ್ನಡದಲ್ಲೇ ಹಾಡುವ ರಿವಾಯತ್ ಪದಗಳಿವೆ. ಹಾಡುವವರಲ್ಲಿ ಹಿಂದೂಗಳೂ ಇರುತ್ತಾರೆ. ಅಮವಾಸ್ಯೆಯ ಭಜನಿಗೂ ಅಲಾಯಿ ಹಬ್ಬಕ್ಕೂ ಅದೇ ಕೊರಳು ಬೇಕಾಗುತ್ತದೆ.

ಪುಸ್ತಕಕ್ಕೆ ಸಿಗದ್ದು

ಪದಗಳ ಮಾತು ಈಗ ಬಹುಮಟ್ಟಿಗೆ ಪುಸ್ತಕದಲ್ಲಿ ಭದ್ರ. ಭೀಮೆಯ ಆಚೆ ದಡದ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು 1931ರಲ್ಲೇ ‘ಗರತಿಯ ಹಾಡು’ ತಂದು ದಾರಿ ತೋರಿಸಿದ್ದರು. ತತ್ವಪದಗಳ ಮೇಲೆ ಕಲಬುರಗಿಯ ಮೀನಾಕ್ಷಿ ಬಾಳಿಯವರಂಥ ವಿದ್ವಾಂಸರು ದುಡಿದಿದ್ದಾರೆ. ನಾಡಿನ ತತ್ವಪದಕಾರರ ಸಮಗ್ರ ಸಂಪುಟಗಳ ಮಾಲೆಯೂ ಬಂದಿದೆ. ಮೇಳದವರ ಮನೆಯಲ್ಲಿ ಅಜ್ಜನ ಕಾಲದ ಪದಗಳ ವಹಿ ಇದ್ದೇ ಇರುತ್ತದೆ.

ವಹಿಯಲ್ಲಿ ಬರೆಯಲಾಗದ್ದು ಧಾಟಿ. ಒಂದೇ ಪದವನ್ನು ಅಫಜಲಪುರದ ಕಡೆ ಒಂದು ರೀತಿ, ಜೇವರ್ಗಿಯ ಕಡೆ ಇನ್ನೊಂದು ರೀತಿ ಎತ್ತುತ್ತಾರೆ. ಎಲ್ಲಿ ಎಳೆಯಬೇಕು, ಎಲ್ಲಿ ತಾಳ ಬಿಟ್ಟು ಮಾತಿನಂತೆ ನುಡಿಯಬೇಕು ಎಂಬುದು ಕೂತು ಕೇಳಿಯೇ ಬರಬೇಕು. ಹಿರಿಯ ಹಾಡುಗಾರರು ಹೋದರೆ ಪದ ವಹಿಯಲ್ಲಿ ಉಳಿಯುತ್ತದೆ, ಹಾಡಲು ಬರುವುದಿಲ್ಲ. ಆಗ ಹುಡುಗರು ಯಾವುದೋ ಸಿನಿಮಾ ಹಾಡಿನ ಧಾಟಿಗೆ ಅದನ್ನು ಕೂರಿಸುತ್ತಾರೆ. ಭಜನಾ ಸ್ಪರ್ಧೆಗಳು ಮೇಳಗಳಿಗೆ ಹುರುಪು ಕೊಟ್ಟಿವೆ, ನಿಜ. ಆದರೆ ಗಡಿಯಾರ ನೋಡಿ ಹಾಡುವಲ್ಲಿ ನಿಧಾನದ ಧಾಟಿಗಳಿಗೆ ಜಾಗವಿಲ್ಲ.

ಇದೇ ಸಂಕಟವನ್ನು ಐರಿಷ್ ಮತ್ತು ಸ್ಕಾಟಿಷ್ ಜನ ಮೊದಲೇ ಕಂಡರು. ಐರ್ಲೆಂಡಿನಲ್ಲಿ ಹುಟ್ಟಿ ಅಮೆರಿಕಕ್ಕೆ ವಲಸೆ ಹೋಗಿ ಶಿಕಾಗೊ ನಗರದ ಪೊಲೀಸ್ ಮುಖ್ಯಸ್ಥರಾದ ಫ್ರಾನ್ಸಿಸ್ ಓನೀಲ್ 1903ರಲ್ಲಿ 1,850 ಧಾಟಿಗಳ ಸಂಗ್ರಹ ಪ್ರಕಟಿಸಿದರು. ಕೇಳಿದ್ದನ್ನು ಸ್ವರಲಿಪಿಗೆ ಇಳಿಸಿಕೊಟ್ಟವರು ಅವರದೇ ಇಲಾಖೆಯ ಜೇಮ್ಸ್ ಓನೀಲ್. ಸ್ಕಾಟ್ಲೆಂಡಿನ ಎಡಿನ್‌ಬರೋ ವಿಶ್ವವಿದ್ಯಾಲಯ 1951ರಲ್ಲಿ ಇದಕ್ಕಾಗಿಯೇ ಅಧ್ಯಯನ ಕೇಂದ್ರ ತೆರೆಯಿತು. ಅಲ್ಲಿನ ಹೇಮಿಶ್ ಹೆಂಡರ್ಸನ್ ಟೇಪ್ ರೆಕಾರ್ಡರ್ ಹೊತ್ತು ತಿರುಗಿ 1953ರಲ್ಲಿ ಅಬರ್ಡೀನ್‌ನಲ್ಲಿ ಜೀನಿ ರಾಬರ್ಟ್‌ಸನ್ ಎಂಬ ಹಾಡುಗಾರ್ತಿಯನ್ನು ಕಂಡುಕೊಂಡರು. ಆಕೆ ಸಮಾಜ ಕೀಳಾಗಿ ಕಾಣುತ್ತಿದ್ದ ಅಲೆಮಾರಿ ಸಮುದಾಯದವರು. ಪದ ಕಾಪಾಡಿದವರು ಅಲ್ಲಿಯೂ ಅಂಚಿನ ಜನವೇ.

ನಮಗೆ ಟೇಪ್ ರೆಕಾರ್ಡರ್ ಹೊರುವ ಕಷ್ಟವಿಲ್ಲ, ಎಲ್ಲರ ಜೇಬಿನಲ್ಲೂ ಮೊಬೈಲಿದೆ. ಯೂಟ್ಯೂಬಿನಲ್ಲಿ ಭಜನಿ ಪದಗಳಿಗೂ ಬರವಿಲ್ಲ. ಹಾಡಿದವರು ಯಾರು, ಯಾವ ಊರಿನವರು, ಧಾಟಿ ಯಾರಿಂದ ಬಂತು, ಯಾವ ಸಂದರ್ಭದಲ್ಲಿ ಹಾಡುತ್ತಾರೆ ಎಂಬ ನಾಲ್ಕು ಮಾತು ಜೊತೆಗಿಲ್ಲದಿದ್ದರೆ ಆ ದನಿ ಬರೀ ದನಿಯಾಗಿ ಉಳಿಯುತ್ತದೆ. ಊರಿನ ಕಾಲೇಜಿನ ಹುಡುಗ ಹುಡುಗಿಯರು ತಮ್ಮ ಮನೆಯ ಹಿರಿಯರಿಂದಲೇ ಈ ಕೆಲಸ ಶುರುಮಾಡಬಹುದು.

ಕೇಳಬೇಕೆನ್ನುವವರು ಅಮವಾಸ್ಯೆಯ ದಿನ ಕರಜಗಿ ಕಡೆಯ ಯಾವುದೇ ಹಳ್ಳಿಗೆ ಹೋಗಿ, ಭಜನಿ ಎಲ್ಲಿ ಎಂದು ವಿಚಾರಿಸಿದರೆ ಸಾಕು. ಟಿಕೆಟ್ಟಿಲ್ಲ, ವೇದಿಕೆಯಿಲ್ಲ, ಮುಂದಿನ ಸಾಲಿನ ಕುರ್ಚಿಯಿಲ್ಲ. ಕೂತ ಸ್ವಲ್ಪ ಹೊತ್ತಿಗೆ ಯಾರಾದರೂ ಒಂದು ಜೊತೆ ತಾಳ ಕೈಗೆ ಕೊಟ್ಟಾರು. ಬಾರಿಸಲು ಬರದಿದ್ದರೆ ಹಿಂದ ಅನ್ನಬಹುದು. ಸುಮ್ಮನೆ ಕೇಳುತ್ತ ಕೂರುವವರಿಗೆಂದು ಅಲ್ಲಿ ಬೇರೆ ಜಾಗ ಮಾಡಿಲ್ಲ.